ಒಂಟೆಯ ಮರೆಯಲ್ಲಿ ಕುಳಿತದ್ದು

ಇಂದು ವಿಜಯಪುರದಲ್ಲಿ ಧೂಳೆದ್ದಾಗ ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಚಿಕ್ಕವಳಿದ್ದಾಗ ಹೊನವಾಡದ ಹಳ್ಳಿಯಲ್ಲಿ ಕಳೆದ ಒಂದು ಬೇಸಿಗೆ ನೆನಪಾಯಿತು.

ಅಜ್ಜಿಯೊಂದಿಗೆ ತಿಕೋಟಾ ಸಂತೆಗೆ ನಡೆದು ಹೊರಟಿದ್ದೆ. ಬಟಾಬಯಲಲ್ಲಿ ಬಿರುಗಾಳಿ ಎದ್ದು, ಕಣ್ಣಿಗೆ ಮಣ್ಣು ಹೊಕ್ಕು ಅಳತೊಡಗಿದೆ. ಎದುರಿಗೆ ಬಂದ ಒಂಟೆಯವನು ತನ್ನ ಒಂಟೆಯನ್ನು ಮಲಗಿಸಿ, "ಇದರ ಮರೆಗೆ ಕುಂದರ್ರಿ ಅವ್ವಾರ" ಎಂದ. ಒಂಟೆಯೆಂದರೆ ಹೆದರುತ್ತಿದ್ದ ಅಜ್ಜಿ ನನ್ನನ್ನು ಅವುಚಿಕೊಂಡು ಕುಳಿತಳು.

ಒಂಟೆ ಉದ್ದನೆಯ ರೆಪ್ಪೆ ಇಳಿಸಿ, ಮೂಗಿನ ಹೊಳ್ಳೆಗಳನ್ನೇ ಮುಚ್ಚಿಕೊಂಡಿತ್ತು.

"ಇದಕ ಉಸಿರು ಕಟ್ಟೂದಿಲ್ಲೇನ್ರಿ?" ಎಂದೆ.

"ಮರಳುಗಾಡಿನ ಜೀವ ಐತಿ ತಂಗಿ. ಎಳಿಯಷ್ಟ ಸಂದಿ ಬಿಟ್ಟು ಉಸಿರಾಡತೈತಿ."

ಗಾಳಿ ನಿಂತಿತು. ಅಜ್ಜಿ ಬುತ್ತಿಯ ರೊಟ್ಟಿಗಳನ್ನೆಲ್ಲ ಅವನ ಕೈಗಿಟ್ಟಳು. ತಿಕೋಟಾ ಮುಟ್ಟಿದ ಮೇಲೆ, "ಅಂವನ ಹೆಸರರೆ ಕೇಳಬೇಕಿತ್ತವಾ" ಎಂದಳು.

ಈಗ ನನಗೇ ಅಜ್ಜಿಯ ವಯಸ್ಸು. ನನಗೂ ಹಾಗೇ ಅನಿಸುತ್ತದೆ.