ಹಾಲಿನಲ್ಲಿ ತೊಳೆದ ಕೈ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಯಾರೂ ಒಬ್ಬರೇ ಕೈ ತೊಳೆಯುತ್ತಿರಲಿಲ್ಲ. ಹಿತ್ತಿಲಿನ ಬಂಡೆಯ ಮೇಲೆ ಒಬ್ಬರು ಎರಡೂ ಕೈ ಚಾಚಿ ನಿಲ್ಲಬೇಕು, ಇನ್ನೊಬ್ಬರು ಚೊಂಬಿನಿಂದ ನೀರು ಹುಯ್ಯಬೇಕು. ಅಪ್ಪನಿಗೆ ಅವ್ವ ಹುಯ್ಯುತ್ತಿದ್ದಳು. ನನಗೆ ಅಕ್ಕ. ಹುಯ್ಯುತ್ತಲೇ ನನ್ನ ಉಗುರಿನ ಸಂದಿ ನೋಡಿ, "ಏನ್ಲಾ, ಅರ್ಧ ಹೊಲಾನೇ ಮನೆಗೆ ತಂದ್ಬುಟ್ಟಿದ್ದೀಯ?" ಎಂದು ರೇಗಿಸುತ್ತಿದ್ದಳು.

ರಾಮನಾಥಪುರದ ಸಂತೆಗೆ ನಡೆದೇ ಹೋಗಿ ಬರುವಷ್ಟು ಹತ್ತಿರದ ಊರು ನಮ್ಮದು. ಕಾವೇರಿ ಕಣ್ಣಿಗೆ ಕಾಣುತ್ತಿತ್ತು, ಆದರೆ ಅದರ ನೀರು ನಮ್ಮ ಹೊಲಕ್ಕೆ ಹತ್ತುತ್ತಿರಲಿಲ್ಲ. ಮಳೆ ನಂಬಿದ ಕೆಂಪು ಮರಳುಮಣ್ಣು, ಅದರಲ್ಲಿ ಹೊಗೆಸೊಪ್ಪು. ಸಸಿಯನ್ನು ಮನೆಯ ಹಿಂದೆಯೇ ಬೆಳೆಸುತ್ತಿದ್ದೆವು. ಹೊಗೆಸೊಪ್ಪಿನ ಬೀಜ ರಾಗಿಗಿಂತಲೂ ಬಹಳ ಸಣ್ಣದು ಮಕ್ಕಳೇ, ಅಂಗೈಯಲ್ಲಿಟ್ಟು ಉಸಿರು ಬಿಟ್ಟರೆ ಹಾರಿಹೋಗುತ್ತದೆ. ಅದನ್ನು ನೀರಿಗೆ ಕಲಸಿ ತೂತಿನ ಡಬ್ಬದಿಂದ ಸಸಿಮಡಿಯ ಮೇಲೆ ಚಿಮುಕಿಸಿ, ಒಣಹುಲ್ಲು ಹೊದಿಸಿ, ಬೆಳಿಗ್ಗೆ ಸಂಜೆ ನೀರು ಹಾಕುತ್ತಿದ್ದೆವು. ಮುಂಗಾರು ಹನಿದ ಮೇಲೆ ಆ ಸಸಿಗಳನ್ನು ಕಿತ್ತು ಹೊಲದಲ್ಲಿ ನೆಡುವುದು. ಒಂದೊಂದನ್ನೂ ಕೈಯಿಂದಲೇ ನೆಡಬೇಕು.

ಆ ವರ್ಷ ಬೇಸಿಗೆಯಲ್ಲಿ ಅಕ್ಕನ ಮದುವೆಯಾಗಿತ್ತು. ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ಆಷಾಢದಲ್ಲಿ ತವರಿಗೆ ಬರುವುದು ನಮ್ಮ ಕಡೆಯ ಪದ್ಧತಿ. ಹಾಗೆ ಅಕ್ಕ ಬಂದಳು. ಹಸಿರು ಬಳೆ ಹಾಕಿಕೊಂಡು, ಸ್ವಲ್ಪ ದಪ್ಪಗಾಗಿ, ಸ್ವಲ್ಪ ಬೇರೆಯಾಗಿ ಬಂದಳು. ಆದರೆ ಮಾರನೆಯ ದಿನವೇ ಸೆರಗು ಸಿಕ್ಕಿಸಿಕೊಂಡು ಹೊಲಕ್ಕೆ ಇಳಿದಳು. ಆ ಒಂದು ತಿಂಗಳು ನನಗೆ ಹಬ್ಬ. ಅಮಾವಾಸ್ಯೆ ಕಳೆದು ಶ್ರಾವಣ ಹುಟ್ಟಿದರೆ ಭಾವ ಬಂದು ಕರೆದುಕೊಂಡು ಹೋಗುತ್ತಾರೆ ಎಂದು ಗೊತ್ತಿದ್ದರೂ, ಅಮಾವಾಸ್ಯೆ ಬರುವುದೇ ಇಲ್ಲವೇನೋ ಎನ್ನುವಂತೆ ಇದ್ದೆ.

ಗಿಡ ಮೊಣಕಾಲೆತ್ತರ ಬಂದಾಗ ಹೊಲದ ಒಂದು ಮೂಲೆಯಲ್ಲಿ ಎಲೆಗಳ ಬಣ್ಣ ಕೆಟ್ಟಿತು. ಕಡು ಹಸಿರಿನ ನಡುವೆ ತಿಳಿ ಹಸಿರಿನ ಮಚ್ಚೆ, ಎಲೆ ಸುಕ್ಕುಗಟ್ಟಿ ಅಲ್ಲಲ್ಲಿ ಉಬ್ಬು. ಅದಕ್ಕೆ ನಾವು ನಂಜು ಎನ್ನುತ್ತಿದ್ದೆವು. ಬೆಳೆಯ ವಿಚಾರ ತಿಳಿಸಲು ಊರೂರಿಗೆ ಸೈಕಲ್ಲಿನಲ್ಲಿ ಬರುತ್ತಿದ್ದ ಒಬ್ಬರು ಅದನ್ನು ನೋಡಿದರು.

"ಇದು ಗಾಳೀಲಿ ಬರೋದಲ್ಲ ಯಜಮಾನ್ರೇ, ಕೈಯಿಂದ ಬರೋದು. ಸಸಿ ನೆಡುವಾಗ ಬಾಯಲ್ಲಿ ಏನಿತ್ತು?"

ಅಪ್ಪನ ಬಾಯಲ್ಲಿ ಆಗಲೂ ಎಲೆ-ಅಡಿಕೆ, ಜೊತೆಗೆ ಒಂದು ಚೂರು ಒಣ ಹೊಗೆಸೊಪ್ಪು. ಉಗುಳಲೂ ಆಗದೆ ನುಂಗಲೂ ಆಗದೆ ಅಪ್ಪ ನಿಂತ. ಅವ್ವ ಸೆರಗು ಅಡ್ಡ ಹಿಡಿದು ನಕ್ಕಳು. ಒಣಗಿದ ಸೊಪ್ಪಿನಲ್ಲೂ ಈ ನಂಜು ಸಾಯದೆ ಉಳಿದಿರುತ್ತದಂತೆ. ಜಗಿಯುತ್ತಾ, ಅದೇ ಬೆರಳಿನಲ್ಲಿ ಸಸಿ ಹಿಡಿದರೆ ಸಸಿಗೆ ಅಂಟುತ್ತದಂತೆ. ಆಮೇಲೆ ಎಲೆಯ ಹುಳ ಆಯುವವರು ಈ ಗಿಡ ಮುಟ್ಟಿ ಆ ಗಿಡ ಮುಟ್ಟಿದರೆ ಹೊಲವೆಲ್ಲ ಹಬ್ಬುತ್ತದಂತೆ. "ನಂಜು ಹಿಡಿದಿದ್ದನ್ನ ಕಿತ್ತು ಹೂತುಬಿಡಿ. ಕಿತ್ತವರು ಒಳ್ಳೆ ಗಿಡ ಮುಟ್ಟಬಾರದು, ಒಳ್ಳೆ ಗಿಡ ಮುಟ್ಟೋರನ್ನೂ ಮುಟ್ಟಬಾರದು. ಮುಟ್ಟಲೇಬೇಕು ಅಂದ್ರೆ ಹಾಲಲ್ಲಿ ಕೈ ತೊಳೀರಿ" ಎಂದರು.

"ಆಲಾ!" ಎಂದ ಅಪ್ಪ. "ಕುಡಿಯಕ್ಕೇ ಆಲಿಲ್ಲ ಸಾ, ಕೈ ತೊಳಿಯಕ್ಕೆ ಎಲ್ಲಿಂದ ತರಾನ?"

ಮರುದಿನ ಅಮಾವಾಸ್ಯೆ, ಹೊಲದ ಕೆಲಸ ಇಲ್ಲ. ಅದರ ಮರುದಿನವೇ ಭಾವ ಬರುವುದು. ಭಾವ ಬರುವ ದಿನ ಬೆಳಿಗ್ಗೆ ಅಪ್ಪ ತನ್ನ ಎಲೆ-ಅಡಿಕೆ ಸಂಚಿಯನ್ನು ಹೊಂಗೆಮರದ ಕೊಂಬೆಗೆ ಸಿಕ್ಕಿಸಿ, ಸಾಲಿನ ನಡುವಿನ ಕಳೆಗೆ ಕುಂಟೆ ಹೊಡೆಯಲು ಎತ್ತು ಹೂಡಿದ. ನಮ್ಮ ಎತ್ತು ಬೇರೆಯವರ ಮಾತು ಕೇಳುತ್ತಿರಲಿಲ್ಲ. ಅವ್ವ, ಅಕ್ಕ ಹುಳ ಆಯಬೇಕಿತ್ತು. ಹಾಗಾದರೆ ನಂಜಿನ ಗಿಡ ಕೀಳುವವರು ಯಾರು?

"ನಾನ್ ಕೀಳ್ತೀನಿ" ಎಂದೆ. ಎದೆ ಉಬ್ಬಿಸಿಕೊಂಡೇ ಎಂದೆ. ಬಗ್ಗಿದರೆ ನನ್ನ ಕಣ್ಣು ಎಲೆಯ ಮಟ್ಟಕ್ಕೇ ಬರುತ್ತಿತ್ತು, ಬೆಳಗಿನ ಓರೆ ಬಿಸಿಲಿನಲ್ಲಿ ಎಲೆಯ ಮಚ್ಚೆ ನನಗೆ ಕಂಡಷ್ಟು ಚೆನ್ನಾಗಿ ಯಾರಿಗೂ ಕಾಣುತ್ತಿರಲಿಲ್ಲ.

"ಆಯ್ತು. ಆದ್ರೆ ಇವತ್ತು ನೀನು ಆ ಕಡೆ ಮೂಲೆ ಬಿಟ್ಟು ಬರಂಗಿಲ್ಲ ಕಣ್ಲಾ. ಅವ್ವನ್ನೂ ಮುಟ್ಬ್ಯಾಡ, ಅಕ್ಕನ್ನೂ ಮುಟ್ಬ್ಯಾಡ. ಭಾವನ್ ಮನೇಲೂ ಸೊಪ್ಪು ಐತೆ. ನಮ್ ನಂಜು ಅವಳ ಕೈಲಿ ಅಲ್ಲಿಗೆ ಓಗ್ಬಾರ್ದು" ಎಂದ ಅಪ್ಪ.

ಆಗ ನನಗೆ ಅರ್ಥವಾಯಿತು. ಅಕ್ಕ ಹೊರಡುವ ದಿನವೇ ಅಕ್ಕನ ಹತ್ತಿರ ಹೋಗುವಂತಿಲ್ಲ. ಆದರೆ ಹೇಳಿಬಿಟ್ಟಿದ್ದೆ. ಹೇಳಿದ ಮೇಲೆ ಹಿಂದೆ ಸರಿಯುವ ಜಾಯಮಾನ ಆಗಲೂ ನನ್ನದಲ್ಲ.

ಒಂದೊಂದೇ ಗಿಡವನ್ನು ಬುಡ ಹಿಡಿದು ಕಿತ್ತೆ. ಎಲೆ ಇಬ್ಬನಿಗೆ ತಣ್ಣಗಿತ್ತು. ಬೇರು ಮಣ್ಣು ಬಿಡುವಾಗ ಬಟ್ಟೆ ಹರಿದಂತೆ ಸದ್ದು. ಕಿತ್ತಿದ್ದನ್ನು ಬೇರೆ ಗಿಡಕ್ಕೆ ತಾಗದಂತೆ ಎತ್ತಿ ಹಿಡಿದು, ಬದುವಿನಾಚೆ ಅಪ್ಪ ತೋಡಿಕೊಟ್ಟಿದ್ದ ಗುಂಡಿಗೆ ಹಾಕಿ ಬಂದೆ. ಬಿಸಿಲು ಏರುತ್ತಿದ್ದಂತೆ ಎಲೆಯ ಮೇಣ ಬೆರಳಿಗೆಲ್ಲ ಅಂಟಿ, ಕೈ ಕಪ್ಪಾಗಿ, ಬೆರಳು ಬೆರಳಿಗೆ ಹಿಡಿದುಕೊಂಡಿತು. ಆಚೆ ಕಡೆಯಿಂದ ಬಳೆಯ ಸದ್ದು ಬರುತ್ತಿತ್ತು. ಅವ್ವ ಏನೋ ಹೇಳುತ್ತಿದ್ದಳು, ಅಕ್ಕ ನಗುತ್ತಿದ್ದಳು. ಮಾತು ಕೇಳಿಸುತ್ತಿರಲಿಲ್ಲ, ನಗು ಮಾತ್ರ ಕೇಳಿಸುತ್ತಿತ್ತು.

"ಲೇ, ಅಲ್ಲಿ ಯಾರ್ ಜೊತೆ ಮಾತಾಡ್ತಾ ಇದ್ದೀಯ?" ಎಂದು ಅಕ್ಕ ಕೂಗಿದಳು.

ನಾನು ಮಾತಾಡುತ್ತಿದ್ದದ್ದು ನನಗೇ ಗೊತ್ತಿರಲಿಲ್ಲ. "ಗಿಡದ್ ಜೊತೆ" ಎಂದೆ.

"ಏನಂತದೆ?"

"ಒಬ್ನೇನಾ ಅಂತದೆ."

ಅಕ್ಕ ನಗಲಿಲ್ಲ.

ಮಧ್ಯಾಹ್ನ ಎಲ್ಲರೂ ಹೊಂಗೆಯ ನೆರಳಿನಲ್ಲಿ ಕೂತರು. ದಿನವೂ ಅಕ್ಕ ತನ್ನ ಮುದ್ದೆಯ ಕೊನೆಯ ತುತ್ತನ್ನು ಸಾರಿನಲ್ಲಿ ಅದ್ದಿ ನನ್ನ ಬಾಯಿಗೆ ಹಾಕುತ್ತಿದ್ದಳು. ಅವತ್ತು ಅವ್ವ ನನ್ನ ಪಾಲನ್ನು ಮುತ್ತುಗದ ಎಲೆಯಲ್ಲಿ ಬದುವಿನ ಕಲ್ಲಿನ ಮೇಲಿಟ್ಟು ಹಿಂದೆ ಸರಿದಳು. ಕೈಯನ್ನು ಮಣ್ಣಿನಲ್ಲಿ ತಿಕ್ಕಿ ಉಂಡೆ. ಮುದ್ದೆಯೂ ಕಹಿ, ಉಪ್ಸಾರೂ ಕಹಿ. ಆ ಕಡೆ ಅಕ್ಕನ ಕೊನೆಯ ತುತ್ತು ಏನಾಯಿತು ಎಂದು ಕತ್ತೆತ್ತಿ ನೋಡಿದೆ. ಅವಳು ಅದನ್ನು ಬೆರಳಿನಲ್ಲಿ ಹಿಡಿದುಕೊಂಡೇ ನನ್ನ ಕಡೆ ನೋಡುತ್ತಿದ್ದಳು. ಆಮೇಲೆ ಕಾಗೆಗೆ ಹಾಕಿದಳು.

ಊಟವಾದ ಮೇಲೆ ಅವ್ವ, ಅಕ್ಕ ಮನೆಗೆ ಹೋದರು. ಹಿಂದೆಯೇ ಅಪ್ಪನೂ ಎತ್ತು ಬಿಚ್ಚಿಕೊಂಡು ಹೋದ. ನಾನು ಇನ್ನೊಂದು ಸಲ ಸಾಲು ಸಾಲಾಗಿ ಹುಡುಕಿ, ಒಂದು ಗಿಡವೂ ಕಣ್ಣು ತಪ್ಪಿಲ್ಲ ಎಂದು ಖಾತ್ರಿ ಮಾಡಿಕೊಂಡು, ಗುಂಡಿಗೆ ಮಣ್ಣು ಎಳೆದು ಮನೆಗೆ ಬಂದೆ. ಜಗಲಿಯ ಮೇಲೆ ಭಾವ ಕೂತಿದ್ದರು, ಪಕ್ಕದಲ್ಲಿ ಕೊಡೆ, ಬಿಸ್ಕತ್ತಿನ ಪೊಟ್ಟಣ. ನಾನು ಬಾಗಿಲ ಕಡೆ ಹೋಗದೆ ಹಿತ್ತಿಲಿನ ಹುಲ್ಲಿನ ಮೆದೆಯ ಹಿಂದೆ ಕೂತೆ. ಕೈ ಎರಡನ್ನೂ ಬೆನ್ನ ಹಿಂದೆ ಇಟ್ಟುಕೊಂಡೆ. ಹೋಗುವಾಗ ಅಕ್ಕ ನನ್ನ ಕೈ ಹಿಡಿದೇ ಹಿಡಿಯುತ್ತಾಳೆ. ಹಿಡಿದರೆ ನಂಜು ಭಾವನ ಹೊಲಕ್ಕೆ ಹೋಗುತ್ತದೆ. ಅವರ ಸೊಪ್ಪು ಕೆಟ್ಟರೆ ಅಕ್ಕನನ್ನು ಅನ್ನುತ್ತಾರೆ. ನನ್ನ ಲೆಕ್ಕ ಇಷ್ಟೇ ಇತ್ತು.

ಅಕ್ಕ ಹುಡುಕಿಕೊಂಡು ಬಂದಳು. ಮದುವೆಯ ಸೀರೆ ಉಟ್ಟಿದ್ದಳು, ಮುಡಿಯಲ್ಲಿ ಮಲ್ಲಿಗೆ.

"ಬಾರ್ಲಾ, ಬಸ್ಸಿಗೆ ಒತ್ತಾಯ್ತು."

"ಬರಲ್ಲ. ನನ್ ಕೈಲಿ ನಂಜೈತೆ."

ಅವಳು ಒಳಗೆ ಹೋದಳು. ಹೊರಟೇ ಹೋದಳು ಎಂದುಕೊಂಡೆ. ಆದರೆ ಮತ್ತೆ ಬಂದಳು, ಕೈಯಲ್ಲಿ ಹಿತ್ತಾಳೆಯ ಚೊಂಬು. "ಬಂಡೆ ಮ್ಯಾಲ್ ನಿಂತು ಚಾಚು ಕೈನ" ಎಂದಳು. ಚಾಚಿದೆ. ಬಿದ್ದದ್ದು ನೀರಲ್ಲ, ಹಾಲು. ಆಗಷ್ಟೇ ಕರೆದ ಬೆಚ್ಚನೆಯ ಹಾಲು, ನೊರೆ ಇನ್ನೂ ಆರಿರಲಿಲ್ಲ. ಕಪ್ಪು ಬೆರಳುಗಳ ಸಂದಿಯಿಂದ ಬೆಳ್ಳಗೆ ಇಳಿದು ಬಂಡೆಯ ಮೇಲೆ ಹರಿಯಿತು. ನಮ್ಮ ಬೆಕ್ಕು ಓಡಿ ಬಂತು. ಅಕ್ಕ ಚೊಂಬು ಖಾಲಿಯಾಗುವವರೆಗೂ ಹುಯ್ದಳು, ಒಂದೊಂದೇ ಬೆರಳು ಹಿಡಿದು ತಿಕ್ಕಿದಳು. ಮೇಣದ ಕಪ್ಪು ಹೋಗಲಿಲ್ಲ. "ಬಣ್ಣ ಇರ್ಲಿ ಬಿಡು, ನಂಜು ಓಯ್ತು" ಎಂದು ತನ್ನ ಸೀರೆಯ ಸೆರಗಿನಿಂದಲೇ ಒರೆಸಿದಳು.

ಅಡಿಗೆಮನೆಯಿಂದ ಅವ್ವ ಕೂಗಿದಳು: "ಅಯ್ಯೋ, ಅಳಿಯಂದಿರ ಕಾಪಿಗೆ ಅಂತ ಪಕ್ಕದ್ ಮನೆಯಿಂದ ತಂದಿಟ್ಟಿದ್ದ ಆಲೆಲ್ಲೇ?"

ಭಾವ ಕರಿ ಕಾಫಿ ಕುಡಿದರು. ಕುಡಿದು, ನನ್ನನ್ನು ನೋಡಿ, "ಏನ್ಲಾ ಬಾಮೈದ, ನಿಮ್ ಮನೇಲಿ ಕೈಗೆ ಆಲು, ನೆಂಟ್ರಿಗೆ ಕಷಾಯನಾ?" ಎಂದರು. ಎಲ್ಲರೂ ನಕ್ಕರು, ಅಪ್ಪ ಕೂಡ. ಬಸ್ಸು ಬರುವವರೆಗೂ ಅಕ್ಕ ನನ್ನ ಕೈ ಬಿಡಲಿಲ್ಲ. ಬಸ್ಸು ಹೋದ ಮೇಲೆ ಧೂಳು ಇಳಿಯುವವರೆಗೆ ನಿಂತಿದ್ದು ಮನೆಗೆ ಬಂದೆ. ರಾತ್ರಿ ಊಟಕ್ಕೆ ಕೈ ತೊಳೆಯಲು ಬಂಡೆಯ ಮೇಲೆ ನಿಂತು ಚಾಚಿದೆ. ಹುಯ್ಯಲು ಅಕ್ಕ ಇರಲಿಲ್ಲ, ಅವ್ವನನ್ನು ಕರೆಯಲಿಲ್ಲ. ಚೊಂಬನ್ನು ಎರಡು ಮೊಣಕಾಲುಗಳ ಸಂದಿಯಲ್ಲಿ ಹಿಡಿದು ಬಗ್ಗಿಸಿಕೊಂಡು ತೊಳೆಯುವುದನ್ನು ಅವತ್ತು ಕಲಿತೆ.

ಆ ವರ್ಷ ನಂಜು ಆ ಮೂಲೆ ದಾಟಲಿಲ್ಲ. ಮುಂದಿನ ಮುಂಗಾರಿಗೆ ಅಕ್ಕನ ಸಾಲು ಹಿಡಿಯಲು ಆಳು ಬೇಕಾಯಿತು. ನಾನು ಶಾಲೆ ಬಿಟ್ಟು ಹಿಡಿದೆ. ಅವತ್ತಿನಿಂದ ಇವತ್ತಿನವರೆಗೂ ನನ್ನ ಹೊಲದಲ್ಲಿ ನಂಜಿನ ಗಿಡ ಕೀಳುವವನು ನಾನೇ. ಅಪ್ಪನ ಹಾಗೆ ಎಲೆ-ಅಡಿಕೆ ಸಂಚಿಯನ್ನು ನಾನು ಇಟ್ಟುಕೊಳ್ಳಲೇ ಇಲ್ಲ. ಅಕ್ಕ ಹೋಗಿ ಎಷ್ಟೋ ವರ್ಷವಾಯಿತು, ಭಾವನೂ ಇಲ್ಲ.

ಈಗ ಸಸಿ ಟ್ರೇಯಲ್ಲಿ ಬರುತ್ತದೆ, ಕೂಲಿಯವರು ಗ್ಲೌಸು ಹಾಕಿಕೊಂಡು ಬರುತ್ತಾರೆ, ಬಿಚ್ಚಿ ಎಸೆದರೆ ನಂಜೂ ಹೋಯಿತು. ಯಾರೂ ಯಾರಿಂದಲೂ ದೂರ ಕೂತು ಉಣ್ಣಬೇಕಿಲ್ಲ. ನಿಮ್ಮ ಹಾಲು ಪ್ಯಾಕೆಟ್ಟಿನಲ್ಲಿ ತಣ್ಣಗೆ ಬರುತ್ತದೆ, ನಿಮ್ಮ ನೀರು ಗೋಡೆಯಿಂದ ಬರುತ್ತದೆ. ಒಳ್ಳೆಯದೇ ಆಯಿತು. ಆದರೆ ಹೊಲದಿಂದ ಬಂದು ನಾನು ಬೇಸಿನ್ನಿನ ಮುಂದೆ ಎರಡೂ ಕೈ ಚಾಚಿ ಸುಮ್ಮನೆ ನಿಂತಾಗ ನೀವು ನಗುತ್ತೀರಲ್ಲ, "ತಾತ, ನಲ್ಲಿ ತಿರುಗಿಸ್ಬೇಕು ತಾತ" ಅಂತ. ನನಗೆ ಗೊತ್ತು ಮಕ್ಕಳೇ. ತಿರುಗಿಸುತ್ತೇನೆ. ಒಂದು ಗಳಿಗೆ ತಡೆಯಿರಿ.