ಖಂಡೆಪ್ಪನ ಕಿವಿ ಮತ್ತು ಮುರಿಗೆಪ್ಪ ಮಾಸ್ತರರ ಮೂರು ಅರ್ಜಿಗಳು

ಗೋಕಾಕ ತಾಲೂಕಿನ ಶಾಲೆಗಳಲ್ಲಿ ಮೂವತ್ತೈದು ವರ್ಷ ಪಾಠ ಹೇಳಿದವರು ಇನ್ನೂ ಕೆಲವರಿರಬಹುದು. ಆದರೆ ಬೆಳಿಗ್ಗೆ ಮಕ್ಕಳಿಗೆ ಮಗ್ಗಿ ಹೇಳಿಸಿ, ಮಧ್ಯಾಹ್ನ ಅದೇ ಶಾಲೆಯ ಮೂಲೆಯಲ್ಲಿ ಟಪಾಲಿನ ಚೀಲ ಬಿಚ್ಚಿ, ಸಂಜೆ ಓದುಬರಹ ಬಾರದವರ ಅರ್ಜಿ ಬರೆದುಕೊಟ್ಟು, ಮೂರು ಕೆಲಸಕ್ಕೂ ಒಂದೇ ಶ್ರದ್ಧೆಯಿಂದ ಮೈ ಸವೆಸಿದವರು ನಾಗನೂರಿನ ಶ್ರೀ ಮುರಿಗೆಪ್ಪ ಮಾಸ್ತರರು. ಈ ವರ್ಷ ಅವರು ಸೇವೆಯಿಂದ ನಿವೃತ್ತರಾಗಿದ್ದಾರೆ. ಅವರ ಪಾಠದ ಗುಣವನ್ನು, ಅವರ ಗೌರವಕ್ಕಾಗಿ ತಂದ ಈ ಸಂಪುಟದಲ್ಲಿ ಬಲ್ಲವರು ಬರೆದಿದ್ದಾರೆ. ಇಲ್ಲಿ ಹೇಳುವುದು ಅವರು ಒಬ್ಬ ಸಿಪಾಯಿಗಾಗಿ ಬರೆದ ಮೂರು ಅರ್ಜಿಗಳ ಮಾತು.

ಅವರು ೧೯೧೧ರಲ್ಲಿ ನಾಗನೂರಿಗೆ ಬಂದಾಗ, ಕಾಗದ ಬಂದವರ ಹೆಸರನ್ನು ಶಾಲೆಯ ಕಟ್ಟೆಯ ಮೇಲೆ ನಿಂತು ಕೂಗುವುದು ರೂಢಿಯಾಗಿತ್ತು. ಮಹಾಯುದ್ಧ ಶುರುವಾಗಿ, ಪಲ್ಟಣ ಸೇರಿದ ಊರ ಹುಡುಗರು ಕಾದುತ್ತಿದ್ದ ದೂರದ ಬಸ್ರಾದಿಂದ ಕಾಗದಗಳು ಬರತೊಡಗಿದ ಮೇಲೆ ಮಾಸ್ತರರು ಕೂಗುವುದನ್ನು ಬಿಟ್ಟರು. ಕೂಗುವ ಹೆಸರು ಒಬ್ಬರದೇ ಆದರೂ ಎದೆ ನಡುಗುವುದು ಊರಿನ ಎಲ್ಲ ತಾಯಂದಿರದು ಎಂಬುದನ್ನು ಅವರು ಕಂಡಿದ್ದರು. ಶಾಲೆ ಬಿಟ್ಟ ಮೇಲೆ ತಾವೇ ಮನೆಮನೆಗೆ ನಡೆದು ಹೋಗಿ, ಮೊದಲು ನೀರು ಕೇಳಿ ಕುಡಿದು, ಆಮೇಲೆ ಕಾಗದ ಓದುತ್ತಿದ್ದರು. ಸಾವಿನ ಸುದ್ದಿಯಿದ್ದ ಮನೆಯಲ್ಲಿ ಮಾತ್ರ ನೀರು ಕೇಳುತ್ತಿರಲಿಲ್ಲ. ಮಾಸ್ತರರು ನೀರು ಕೇಳಿದರೆ ಸಾವಿನ ಸುದ್ದಿಯಲ್ಲ ಎಂದು ಹೆಂಗಸರು ಉಸಿರು ಬಿಡುತ್ತಿದ್ದರು.

ಆ ಬಸ್ರಾದಿಂದಲೇ ೧೯೧೯ರಲ್ಲಿ ಸಿಪಾಯಿ ಖಂಡೆಪ್ಪ ಜೀವಂತ ತಿರುಗಿ ಬಂದ. ಕಿವಿ ಮಾತ್ರ ಬರಲಿಲ್ಲ. ತೋಪಿನ ಗುಂಡು ಹತ್ತಿರದಲ್ಲೇ ಒಡೆದು ಎರಡೂ ಕಿವಿ ಮುಚ್ಚಿಹೋಗಿದ್ದವು. ಪಲ್ಟಣಕ್ಕೆ ಸೇರುವ ಮೊದಲು ಅವನು ಹೊಳೆಗೆ ಅಡ್ಡ ಕಟ್ಟಿದ ಧುಪದಾಳದ ಬಂದಾರದಲ್ಲಿ ಗಂಟೆ ಬಾರಿಸಿದಾಗ ನೀರಿನ ಬಾಗಿಲು ಎತ್ತುವ ಕೆಲಸದಲ್ಲಿದ್ದ. ಗಂಟೆ ಕೇಳದವನಿಗೆ ಆ ಕೆಲಸ ಯಾರು ಕೊಟ್ಟಾರು? ಹೆಂಡತಿ ಸಾವಂತ್ರೆವ್ವನ ಕೂಲಿಯಿಂದ ಮನೆ ನಡೆಯತೊಡಗಿತು. ಕಿವಿ ಹೋದುದಕ್ಕೆ ಪೆನ್ಶನ್ ಕೇಳಿದರೆ, ಬೆಳಗಾವಿಯ ಡಾಕ್ಟರರ ಮಂಡಳಿ ಅವನನ್ನು ನೋಡಿ ‘ದೋಷವಿಲ್ಲ’ ಎಂದು ಬರೆದು ಕಳಿಸಿತು.

ಮಾಸ್ತರರು ಬರೆದ ಮೊದಲನೆಯ ಅರ್ಜಿಗೆ ಎಂಟು ತಿಂಗಳ ಮೇಲೆ ಉತ್ತರ ಬಂತು: ಸಾಕ್ಷಿಯಿಲ್ಲ. ಸಾಕ್ಷಿಗಾಗಿ ಅವರು ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿಗೆ ಹೋದರು. ಖಂಡೆಪ್ಪನ ಜೊತೆಗೆ ಅದೇ ಕಂದಕದಲ್ಲಿದ್ದ ಹವಾಲ್ದಾರ ಅಣ್ಣಾಸಾಹೇಬರು ಅಲ್ಲಿದ್ದರು.

“ಗುಂಡು ನಮ್ಮ ಬಾಜೂಕ ಒಡೀತ್ರಿ ಮಾಸ್ತರ. ನನಗ ಆರ ದಿನ ಏನೂ ಕೇಳಲಿಲ್ಲ, ಅವಂಗ ನಾಕ ವರ್ಷಾದ್ರೂ ಕೇಳವಲ್ದು. ಎಲ್ಲಿ ಬೇಕಲ್ಲಿ ಸಹಿ ಮಾಡತೇನಿ. ಆದ್ರ ಸಾಕ್ಷಿ ಹೇಳಾಕ ಹೊಳ್ಳಿ ಬಸ್ರಾಕ್ಕ ಬಾ ಅಂದ್ರ ಬರಾಂವಲ್ಲ ನೋಡ್ರಿ,” ಎಂದರು ಹವಾಲ್ದಾರರು.

ಆ ಹೇಳಿಕೆಯನ್ನು ಗೋಕಾಕದಲ್ಲಿ ವಕೀಲರ ಕಾರಕೂನನಿಂದ ಇಂಗ್ಲೀಷು ಮಾಡಿಸಿ ಎರಡನೆಯ ಅರ್ಜಿ ಹೋಯಿತು. ಅದೂ ತಿರುಗಿ ಬಂತು. ಬೆಳಗಾವಿಯ ಪರೀಕ್ಷೆಯ ದಿನ ಕೇಳಿದ ಪ್ರಶ್ನೆಗಳಿಗೆಲ್ಲ ಅರ್ಜಿದಾರನು ತಡವಿಲ್ಲದೆ ಸರಿಯಾದ ಉತ್ತರ ಕೊಟ್ಟಿದ್ದಾನೆ ಎಂದು ಅದರಲ್ಲಿತ್ತು.

ಆ ಕಾಗದ ಬಂದ ದಿನ ಮಾಸ್ತರರಿಗೆ ಖಂಡೆಪ್ಪನ ಮೇಲೆಯೇ ಸಂಶಯ ಬಂತು. ಗಂಡಹೆಂಡತಿ ಇಬ್ಬರೂ ಶಾಲೆಗೆ ಬಂದಿದ್ದರು. ಮಾಸ್ತರರು ಟಪಾಲಿಗೆ ಮುದ್ರೆ ಹಾಕುತ್ತ, ಬೆನ್ನು ತಿರುಗಿಸಿಯೇ, “ಖಂಡೆಪ್ಪಾ, ನಿಮ್ಮ ಎಮ್ಮಿ ಈದೈತೇನೊ?” ಎಂದರು.

“ಹೂಂ ರಿ, ಹೆಣ್ಣಗರಾ ಹಾಕೈತಿ!” ಎಂದ ಖಂಡೆಪ್ಪ, ಊರಿಗೆಲ್ಲ ಕೇಳುವಷ್ಟು ದೊಡ್ಡದಾಗಿ.

ಮಾಸ್ತರರು ಮುದ್ರೆ ಕೆಳಗಿಟ್ಟರು. “ಹಂಗಾರ ನಿನಗ ಕೇಳತೈತಿ! ಎರಡು ವರ್ಷ ನನ್ನ ಸುಮ್ನ ತಿರುಗಿಸಿದಿ.”

ಬಾಗಿಲಲ್ಲಿದ್ದ ಸಾವಂತ್ರೆವ್ವ ಗಾಬರಿಯಾಗಿ, “ಅವರಿಗೆ ಕೇಳಿಲ್ರಿ ಮಾಸ್ತರ್ರಿ. ನಾ ಹೇಳಿನ್ರಿ,” ಎಂದಳು.

“ನೀ ಯಾವಾಗ ಹೇಳಿದಿ? ನಿನ್ನ ದನಿ ನನಗ ಕೇಳಲೇ ಇಲ್ಲಲ್ಲ?”

“ದನಿ ಯಾಕ ಬೇಕ್ರಿ?”

ಮಾಸ್ತರರು ತಿರುಗಿ ನೋಡಿದರು. ಹೇಳಬಾರದ್ದನ್ನು ಹೇಳಿದವಳಂತೆ ಆಕೆ ತಲೆ ತಗ್ಗಿಸಿದ್ದಳು. ಕೇಳಿ ಕೇಳಿ ಬಾಯಿ ಬಿಡಿಸಿದ ಮೇಲೆ ಮಾತು ಹೊರಬಿತ್ತು. ಆಕೆಯ ಅತ್ತೆ ಫಕೀರವ್ವ ಕಟ್ಟುನಿಟ್ಟಿನ ಹೆಂಗಸು. ಹಿರಿಯರ ಮುಂದೆ ಸೊಸೆ ಗಂಡನ ಕೂಡ ದನಿ ತೆಗೆದು ಮಾತಾಡುವಂತಿರಲಿಲ್ಲ. ಒಲೆಯ ಮುಂದೆ ಕುಳಿತ ಸೊಸೆ ಬರೀ ತುಟಿಯಾಡಿಸಿ ಹೇಳುವುದು, ಪಡಸಾಲೆಯಲ್ಲಿದ್ದ ಗಂಡ ಅದನ್ನು ತಿಳಿದುಕೊಳ್ಳುವುದು, ಹೀಗೆ ಯುದ್ಧಕ್ಕೆ ಮೊದಲಿನಿಂದಲೇ ನಡೆದಿತ್ತು. ಜಗತ್ತೆಲ್ಲ ಮೂಕವಾದ ಮೇಲೆ ಅವನಿಗೆ ಉಳಿದದ್ದು ಆ ಒಂದು ಬಾಯಿ.

“ಬೆಳಗಾವ್ಯಾಗೂ ಹಿಂಗ ಮಾಡಿದಿ?”

“ಡಾಕ್ಟರ ಸಾಹೇಬ ಕೇಳಿದ್ದನ್ನ ಒಬ್ಬಾಂವ ಕನ್ನಡದಾಗ ಹೇಳತಿದ್ದ. ನಾ ಎದುರಿಗೆ ಬಾಗಲದಾಗ ನಿಂತಿದ್ನಿ. ಅಷ್ಟು ಮಂದ್ಯಾಗ ಇವರು ಪೆಕರನಂಗ ನಿಂತಾರಲ್ಲ ಅಂತ ಜೀವ ತಡೀಲಿಲ್ರಿ.”

“ತಂಗಿ, ಗಂಡನ ಮಾನ ಉಳಿಸಾಕ ಹೋಗಿ ಪೆನ್ಶನ್ ಕಳದ್ಯವ್ವ,” ಎಂದು ಮಾಸ್ತರರು ಕುಳಿತುಬಿಟ್ಟರು. ಸಿಟ್ಟು ಮಾಡುವಷ್ಟು ತ್ರಾಣ ಅವರಲ್ಲಿ ಉಳಿದಿರಲಿಲ್ಲ.

ಮೂರನೆಯ ಅರ್ಜಿ ಬರೆಯಲು ಅವರಿಗೆ ನಾಲ್ಕು ದಿನ ಹಿಡಿಯಿತು. ಒಂದು ಮನೆಯ ಒಳಗಿನ ಮಾತನ್ನು ಸರಕಾರಕ್ಕೆ ಹೇಗೆ ಬರೆಯುವುದು? ಗೋಕಾಕದ ಕಾರಕೂನ ಓದಿ ನಕ್ಕ. ಮಾಸ್ತರರು ನಗಲಿಲ್ಲ. ಆರು ತಿಂಗಳು ಕಳೆದು, ಗಂಡಹೆಂಡತಿ ಇಬ್ಬರೂ ಮಂಡಳಿಯ ಮುಂದೆ ಬರಬೇಕೆಂದು ಹುಕುಂ ಬಂತು.

ಹೊರಡುವ ಹಿಂದಿನ ದಿನ ಮಾಸ್ತರರು ಸಾವಂತ್ರೆವ್ವನಿಗೆ, ಸಾಹೇಬರು ಪ್ರಶ್ನೆ ಕೇಳುವಾಗ ಮುಖದ ಮೇಲೆ ಸೆರಗು ಎಳೆದುಕೊಂಡು ನಿಲ್ಲಬೇಕೆಂದು ಹೇಳಿದರು.

“ಅಷ್ಟು ಮಂದ್ಯಾಗ ಅವರನ್ನ ಒಬ್ಬರನ್ನ ಬಿಡಲೇನ್ರಿ?”

“ಒಂದ ತಾಸು ಬಿಡವ್ವ. ಮತ್ತ ಇದನ್ನ ಅವಗ ಹೇಳಬ್ಯಾಡ. ಮೊದಲ ಗೊತ್ತಿದ್ರ ಸೋಗು ಹಾಕ್ಯಾನ ಅಂತಾರ.”

ಗೋಕಾಕ ರೋಡ್ ಸ್ಟೇಶನ್ನಿನವರೆಗೆ ನಡೆದು, ರೈಲು ಹತ್ತಿ ಮೂವರೂ ಬೆಳಗಾವಿಗೆ ಹೋದರು. ಡಾಕ್ಟರ ಸಾಹೇಬ ಖಂಡೆಪ್ಪನ ಬೆನ್ನ ಹಿಂದೆ ನಿಂತು ಹೆಸರು ಕೇಳಿದ. ದುಭಾಷಿ ಅದನ್ನು ಕನ್ನಡದಲ್ಲಿ ಹೇಳಿದ. ಖಂಡೆಪ್ಪ ಎಂದಿನಂತೆ ಹೆಂಡತಿಯ ಮುಖ ನೋಡಿದ. ಸೆರಗು ಗಲ್ಲದವರೆಗೆ ಇಳಿದಿತ್ತು. ಎರಡನೆಯ ಸಲ ಕೇಳಿದರು, ಮೂರನೆಯ ಸಲ ಕೂಗಿ ಕೇಳಿದರು. ಅವನ ಕಣ್ಣು ಆ ಸೆರಗನ್ನು ಬಿಟ್ಟು ಅತ್ತಿತ್ತ ಹೊರಳಲಿಲ್ಲ. ಬಸ್ರಾದ ಗುಂಡು ಕಂಡವನ ಗಲ್ಲ ಆ ಕೋಣೆಯಲ್ಲಿ ನಡುಗಿದ್ದನ್ನು ಮಾಸ್ತರರು ಕಂಡರು. ತಾವೇ ಎದ್ದು ಹೋಗಿ ಉತ್ತರ ಹೇಳಬೇಕೆನಿಸಿತು. ಮೇಜಿನ ಅಂಚು ಹಿಡಿದು ಕುಳಿತರು.

ಆಮೇಲೆ ಸಾಹೇಬನೇ ಸೆರಗು ಸರಿಸಲು ಹೇಳಿ, ದನಿಯಿಲ್ಲದೆ ಕೇಳುವಂತೆ ಸನ್ನೆ ಮಾಡಿದ. ಆಕೆಯ ತುಟಿ ಆಡಿತು. “ಖಂಡೆಪ್ಪ! ಊರು ನಾಗನೂರ!” ಎಂದ ಅವನು. ಸಾಹೇಬ ಇಬ್ಬರನ್ನೂ ನೋಡಿ ಬರೆದುಕೊಂಡ.

ಪೆನ್ಶನ್ ಮಂಜೂರಾದ ಕಾಗದ ಮತ್ತೆ ಏಳು ತಿಂಗಳಿಗೆ ಬಂತು. ಮಾಸ್ತರರು ಅದನ್ನು ಹಿಡಿದು ತಾವೇ ಅವರ ಮನೆಗೆ ಹೋದರು. ಖಂಡೆಪ್ಪ ಕಾಗದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಆಮೇಲೆ ಹೇಳಿದ: “ಮಾಸ್ತರ, ನಿಮ್ಮ ಉಪಕಾರ ಮರಿಯೂದಿಲ್ಲ. ಆದ್ರ ನನಗೊಂದು ಮಾತು ಮೊದಲ ಹೇಳಬೇಕಿತ್ರಿ. ಅವತ್ತು ಇಕಿ ನನ್ನ ಬಿಟ್ಟಳು ಅಂತ ತಿಳಿದಿದ್ನಿ.”

ಮೂರು ವರ್ಷ ಓಡಾಡಿದವರಿಗೆ ಈ ಮಾತು ಕಠಿಣವೆನಿಸಬಹುದಿತ್ತು. ಮಾಸ್ತರರು ಸಾವಂತ್ರೆವ್ವನ ಕಡೆ ತಿರುಗಿ, “ನಂದು ತಪ್ಪಾತು ಅಂತ ಹೇಳವ್ವ,” ಎಂದರು. ಎರಡು ಮಾತಿಗೆ ಆಕೆ ಎಂಟು ಮಾತಿನಷ್ಟು ತುಟಿಯಾಡಿಸಿದಳು. ಏನು ಹೇಳಿದಳೋ, ಖಂಡೆಪ್ಪ ಗಟ್ಟಿಯಾಗಿ ನಕ್ಕುಬಿಟ್ಟ. ಮಾಸ್ತರರು ನಗುತ್ತಲೇ ಕಣ್ಣು ಒರೆಸಿಕೊಂಡು ನೀರು ಕೇಳಿದರು.

ಅಂದಿನಿಂದ ಇಂದಿನವರೆಗೆ ಮೂಡಲಗಿ, ಗೋಕಾಕ, ಹುಕ್ಕೇರಿಯ ಕಡೆಯಿಂದ ಅವರಲ್ಲಿಗೆ ಬಂದ ಅರ್ಜಿದಾರರಿಗೆ ಲೆಕ್ಕವಿಲ್ಲ. ಯಾರ ಅರ್ಜಿಯೇ ಇರಲಿ, ಬರೆದದ್ದನ್ನು ಮೊದಲು ಅವರಿಗೇ ಪೂರ್ತಿ ತಿಳಿಯುವವರೆಗೆ ಹೇಳಿ, ಹೂಂ ಎನಿಸಿಕೊಳ್ಳದೆ ಮಾಸ್ತರರು ಟಪಾಲಿಗೆ ಹಾಕಿದ್ದಿಲ್ಲ. ಗೆದ್ದ ಅರ್ಜಿಗಳಿಗಿಂತ ಸೋತವೇ ಹೆಚ್ಚು ಎಂದು ಅವರೇ ಹೇಳುತ್ತಾರೆ. ಸೋತವರ ಮನೆಗೂ ಅವರೇ ನಡೆದು ಹೋಗುತ್ತಾರೆ.

ಈಗ ಇನ್ನೊಂದು ಯುದ್ಧ ಮುಗಿದು, ಮತ್ತೊಂದಿಷ್ಟು ಜನ ಕೈಯಲ್ಲಿ ತಿರಸ್ಕಾರದ ಕಾಗದ ಹಿಡಿದು ಅವರ ಕಟ್ಟೆಯ ಮೇಲೆ ಕೂಡುತ್ತಿದ್ದಾರೆ. ಮಾಸ್ತರರು ದಣಿದಿದ್ದಾರೆಂದು ನಮಗೆ ಗೊತ್ತು. ಗೊತ್ತಿದ್ದೂ ಅವರಿಗೆ ನೂರು ವರ್ಷ ಆಯುಷ್ಯ ಬೇಡುವುದರಲ್ಲಿ ನಮ್ಮ ಸ್ವಾರ್ಥವೂ ಇದೆ. ಶಿವನು ಅವರ ಕಣ್ಣಿಗೆ ಬೆಳಕನ್ನೂ ಮೊಣಕಾಲಿಗೆ ಬಲವನ್ನೂ ಬರೆಯುವ ಕೈಗೆ ಸ್ಥಿರತೆಯನ್ನೂ ಕೊಡಲಿ. ಮತ್ತು ವಾರದಲ್ಲಿ ಒಂದು ದಿನವಾದರೂ ಯಾರೂ ಕಾಗದ ಹಿಡಿದು ಅವರ ಬಾಗಿಲಿಗೆ ಬಾರದಿರಲಿ.