ಎತ್ತುಗಳ ಪರವಾಗಿ ಒಂದು ಸಾಕ್ಷಿ

ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ ಓಡುತ್ತಿದ್ದ ಕ್ರೂಸರ್ ಗಾಡಿಯ ಸ್ಟೇರಿಂಗ್ ಮೇಲೆ ಆ ಹೊತ್ತಿನಲ್ಲಿ ಯಾರ ಕೈಯೂ ಇರಲಿಲ್ಲ. ಒಂದು ಮೊಣಕಾಲು ಮಾತ್ರ ಇತ್ತು.

ಮೊಣಕಾಲು ಮಲ್ಲುವಿನದು. ಮಲ್ಲು ಕಾಗವಾಡದಿಂದ ಉಗಾರಕ್ಕೆ ದಿನಕ್ಕೆ ಏಳೆಂಟು ಸಲ ಜನರನ್ನು ಹೇರುವ ಡ್ರೈವರ್. (ಹೇರುವುದು ಎಂದೇ ಬರೆಯಬೇಕು. ಕೂಡಿಸುವುದು ಎಂದರೆ ಸುಳ್ಳಾಗುತ್ತದೆ.) ಮುಂದಿನ ಸೀಟಿನಲ್ಲಿ ನಾವು ನಾಲ್ವರು. ಮಲ್ಲುವಿನ ಬಲಕ್ಕೆ, ಬಾಗಿಲಿಗೆ ಅಂಟಿಕೊಂಡು ಒಬ್ಬ. ಮಲ್ಲುವಿನ ಎಡಕ್ಕೆ ನಿವೃತ್ತ ಶಿಕ್ಷಕರಾದ ಅಪ್ಪಾಸಾಹೇಬ ಮಾಸ್ತರರು. ಎಡಗಡೆಯ ಕಿಟಕಿಗೆ ನಾನು. ಇಷ್ಟು ವಿವರ ಯಾಕೆಂದರೆ, ಮುಂದೆ ನಡೆದದ್ದನ್ನು ನನ್ನಷ್ಟು ಹತ್ತಿರದಿಂದ ಬೇರೆ ಯಾರೂ ನೋಡಲಿಲ್ಲ. ನಡೆದು ಆರು ದಿನವಾಯಿತು.

ಆಗ ಮಧ್ಯಾಹ್ನ ಹನ್ನೆರಡೂವರೆ. ಮಲ್ಲುವಿನ ಎಡ ಅಂಗೈಯಲ್ಲಿ ತಂಬಾಕು ಮತ್ತು ಸುಣ್ಣ. ಬಲಗೈ ಹೆಬ್ಬೆರಳು ಅದನ್ನು ತಿಕ್ಕುತ್ತಿತ್ತು. ನಿಪ್ಪಾಣಿ ತಂಬಾಕನ್ನು ಅವಸರದಲ್ಲಿ ತಿಕ್ಕಬಾರದಂತೆ.

ಮಾಸ್ತರರು ಮೊಬೈಲಿನಲ್ಲಿ ಒಂದು ವಿಡಿಯೊ ಹಚ್ಚಿ ಮಲ್ಲುವಿನ ಮೂಗಿನ ಮುಂದೆ ಹಿಡಿದರು.

"ಇಲ್ ನೋಡೊ ಮಲ್ಲು, ಪರದೇಶದಾಗ ಡ್ರೈವರ್ ಇಲ್ಲದ ಕಾರ್ ಬಂದಾವ. ತಾನ ಹೊಳ್ಳತೈತಿ, ತಾನ ನಿಂದರತೈತಿ."

"ಅದರಾಗ ಯಾರರೆ ಹತ್ತತಾರೇನ್ರಿ?"

"ಹತ್ಯಾನಲ್ಲೊ. ಒಳಗ ಕುಂತ ಪೇಪರ್ ಓದಾಕತ್ತಾನ ನೋಡು."

"ಅಯ್ಯ, ಜೀವಕ್ಕ ಬ್ಯಾಸರಾಗಿರಬೇಕ ತಗೊರಿ ಅವಗ," ಎಂದಿತು ಹಿಂದಿನ ಸೀಟಿನಿಂದ ಒಂದು ಹೆಣ್ಣು ದನಿ. ಗಾಡಿಯೆಲ್ಲ ನಕ್ಕಿತು. ನಾನೂ ನಕ್ಕೆ.

ಮಲ್ಲು ತನ್ನ ವಾದ ಮಂಡಿಸಿದ. "ಮನಿಷ್ಯಾ ಅಂದ್ರ ಅಂಜಕಿ ಇರತೈತ್ರಿ. ಮನ್ಯಾಗ ಹೆಂಡತಿ ಅದಾಳ, ಮಕ್ಕಳ ಅದಾವ ಅಂತ ನೆಪ್ಪ ಇರತೈತಿ. ಮಷಿನ್ನಿಗೆ ಯಾರ ಅಂಜಕಿ ಐತಿ ಹೇಳ್ರಿ?"

ಎಂಥ ಮಾತು! ಹದಿನೇಳು ಜನ ತಲೆ ಅಲ್ಲಾಡಿಸಿದೆವು. ಮೊಣಕಾಲು ಗಾಡಿ ನಡೆಸುತ್ತಲೇ ಇತ್ತು.

ಮುಂದೆ ರಸ್ತೆಯ ಎಡಕ್ಕೆ ಒಂದು ಕಬ್ಬಿನ ಗಾಡಿ. ಎರಡು ಎತ್ತು, ಟೈರಿನ ಚಕ್ರ, ಆಳೆತ್ತರ ಕಬ್ಬು. ಹೊಡೆಯುವವನು ಕಬ್ಬಿನ ಮೇಲೆ ಅಂಗಾತ ಮಲಗಿದ್ದ, ಮುಖದ ಮೇಲೆ ಟಾವೆಲ್. ಈ ಸೀಮೆಯಲ್ಲಿ ಇದನ್ನು ಯಾರೂ ತಿರುಗಿ ನೋಡುವುದಿಲ್ಲ. ಬೆಳಕು ಹರಿಯುವ ಮೊದಲೇ ಕಬ್ಬು ಕಡಿಯಲು ಇಳಿದವನು ಮಧ್ಯಾಹ್ನ ಮಲಗದೆ ಏನು ಮಾಡಿಯಾನು? ಉಗಾರದ ಸಕ್ಕರೆ ಕಾರ್ಖಾನೆಯ ದಾರಿ ಎತ್ತುಗಳಿಗೆ ಗೊತ್ತು. ಎಲ್ಲಿ ತಿರುಗಬೇಕು, ಎಲ್ಲಿ ಸಾಲಿನಲ್ಲಿ ನಿಲ್ಲಬೇಕು, ಅದೂ ಗೊತ್ತು.

ಮಲ್ಲು ಆ ಗಾಡಿಯನ್ನು ದಾಟಲು ಮೊಣಕಾಲನ್ನು ಬಲಕ್ಕೆ ಒತ್ತಿದ. ಆಮೇಲೆ ತಂಬಾಕಿನ ಧೂಳು ಹಾರಿಸಲು ಅಂಗೈಯನ್ನು ಎರಡು ಸಲ ತಟ್ಟಿದ. ಧೂಳು ಹಾರಿತು. ಅವನು ಕಣ್ಣು ಮುಚ್ಚಿದ.

ಕ್ರೂಸರ್ ಎಡಕ್ಕೆ ವಾಲಿತು.

ಕಬ್ಬಿನ ಸೋಗೆ ನನ್ನ ಕಿವಿ ಸವರಿತು. ಎತ್ತುಗಳು ಕತ್ತು ತಗ್ಗಿಸಿ, ಭಾರ ಎಳೆದುಕೊಂಡು, ಡಾಂಬರು ಬಿಟ್ಟು ಮಣ್ಣಿಗೆ ಇಳಿದವು. ಅವು ಇಳಿಯದಿದ್ದರೆ ಈ ವಾರ ಪತ್ರಿಕೆಯಲ್ಲಿ ನನ್ನ ಅಂಕಣದ ಈ ಜಾಗದಲ್ಲಿ ಯಾವುದಾದರೂ ಜಾಹೀರಾತು ಇರುತ್ತಿತ್ತು. ನನ್ನ ಮುಖದಿಂದ ಒಂದು ಮೊಳ ದೂರದಲ್ಲಿ ನಮ್ಮ ಗಾಡಿಯ ಕನ್ನಡಿ ಬಲಗಡೆಯ ಎತ್ತಿನ ಕೋಡಿಗೆ ಬಡಿಯಿತು. ಎರಡೂ ಮುರಿದವು. ಮಲ್ಲು ಬ್ರೇಕ್ ಒತ್ತಿದ. ಎತ್ತುಗಳು, ಯಾರೂ ನಿಲ್ಲಿ ಎನ್ನದೆ, ತಾವೇ ನಿಂತವು. ಮಲಗಿದ್ದವನು ಎದ್ದದ್ದು ಅದಾದ ಮೇಲೆ.

ಇಳಿದವನೇ ಮಲ್ಲು ಶುರು ಮಾಡಿದ. "ಮಲಕೊಂಡ ಗಾಡಿ ಹೊಡೀತಿಯೇನಲೇ? ಇಷ್ಟ ಮಂದೀನ ಕೊಲ್ಲಾಂವ ಇದ್ದಿ!"

"ಡ್ರೈವರ್ ಇಲ್ಲದ ಗಾಡೀನ ರೋಡಿಗೆ ಬಿಟ್ಟಿಯಲ್ಲೊ ಮಾರಾಯಾ!" ಎಂದರು ಮಾಸ್ತರರು.

ಹಿಂದಿನ ಸೀಟಿನವರೂ ಕೂಡಿಕೊಂಡರು. ಗಾಡಿಯವನ ಹೆಸರು ನಾಮದೇವ. ಸೀಜನ್ನಿಗೆಂದು ಮಹಾರಾಷ್ಟ್ರದಿಂದ ಕಬ್ಬು ಕಡಿಯಲು ಬಂದವನು. ಅವನು ವಾದಿಸಲೇ ಇಲ್ಲ. ಟಾವೆಲ್ ಹರಿದು, ರಕ್ತ ಸೋರುತ್ತಿದ್ದ ಕೋಡಿಗೆ ಒತ್ತಿ ಹಿಡಿದು, "ಚುಕಲಂ ಮಾಲಕ, ಡೋಳಾ ಲಾಗಲಾ," ಎಂದ. ತಪ್ಪಾಯಿತು, ಕಣ್ಣು ಹತ್ತಿತು ಎಂದು. ಮಲಗಿದ್ದ ಮೇಲೆ ತಪ್ಪು ತನ್ನದೇ ಇರಬೇಕೆಂದು ಅವನೂ ನಂಬಿಬಿಟ್ಟಿದ್ದ. ಒಂದೇ ಒಂದು ಕೇಳಿಕೊಂಡ: ಮುಕಾದಮನಿಗೆ ಹೇಳಬೇಡಿ. ಮುಕಾದಮ ಎಂದರೆ ಕಬ್ಬು ಕಡಿಯುವ ಅವರ ಗುಂಪಿನ ಮುಖ್ಯಸ್ಥ. ತಪ್ಪು ನಾಮದೇವನದೆಂದು ಗೊತ್ತಾದರೆ ಗಾಡಿ ಬಿಡಿಸಿ, ಹೆಂಡತಿ ಸಮೇತ ಊರಿಗೆ ಅಟ್ಟುತ್ತಾನೆ.

ಅಷ್ಟರಲ್ಲಿ ಆ ದಾರಿಯಲ್ಲಿ ಹೊರಟಿದ್ದ ಒಬ್ಬ ಹವಾಲ್ದಾರರು ಬೈಕ್ ನಿಲ್ಲಿಸಿದರು.

"ಯಾರ್ ನೋಡೀರಿ?"

"ಅಂವಾ ಮಲಗಿದ್ನ್ರೀ!" ಹದಿನಾರು ಬಾಯಿ.

"ನಾ ನೋಡೇನ್ರಿ," ಎಂದೆ. "ಅಂವಾ ಮಲಗಿದ್ದ, ಹೌದು. ಆದ್ರ ಎತ್ತ ಎಚ್ಚರ ಇದ್ದೂರಿ."

ಹವಾಲ್ದಾರರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಹಂಗಾರ ಎತ್ತಿನ ಜಬಾಬ ಬರಕೋಬೇಕೇನ್ರಿ ನಾ?"

ಮತ್ತೆ ಎಲ್ಲರೂ ನಕ್ಕರು. ಈ ಸಲ ನಾನು ನಗಲಿಲ್ಲ. ಅವರನ್ನು ಕರೆದುಕೊಂಡು ಹೋಗಿ ಮಣ್ಣಿನ ಮೇಲಿನ ಗುರುತು ತೋರಿಸಿದೆ. ಕಬ್ಬಿನ ಗಾಡಿಯ ಚಕ್ರ ಡಾಂಬರಿನಿಂದ ಒಂದು ಮೊಳ ಆಚೆ. ನಮ್ಮ ಕ್ರೂಸರಿನ ಚಕ್ರವೂ ಡಾಂಬರು ಬಿಟ್ಟು ಒಂದು ಗೇಣು ಆಚೆ. ಎಂದರೆ ಎತ್ತುಗಳು ಸರಿದು ಜಾಗ ಕೊಟ್ಟರೂ ನಾವು ಅವುಗಳ ಮೇಲೇ ಹೋಗಿದ್ದೆವು. ಆಮೇಲೆ ಇನ್ನೊಂದು ಹೇಳಿದೆ. ಇಳಿದಾಗಿನಿಂದ ಮಲ್ಲು ಬೈಯುತ್ತಿರುವುದು, ಕೈ ಬೀಸುತ್ತಿರುವುದು, ಎಲ್ಲ ಬಲಗೈಯಲ್ಲೇ. ಎಡಗೈ ಮುಷ್ಟಿ ಬಿಚ್ಚಿಲ್ಲ.

"ಎಡಗೈ ಬಿಚ್ಚು," ಎಂದರು ಹವಾಲ್ದಾರರು.

"ಯಾಕ್ರಿ ಸಾಹೇಬ್ರ?"

"ಬಿಚ್ಚಲೇ."

ಬಿಚ್ಚಿದ. ಹದವಾಗಿ ತಿಕ್ಕಿದ ತಂಬಾಕು, ಒಂದು ಎಸಳೂ ಚೆಲ್ಲಿರಲಿಲ್ಲ. ಇಷ್ಟು ಜನರ ಪ್ರಾಣಕ್ಕಿಂತ ಜೋಪಾನವಾಗಿತ್ತು.

ಹವಾಲ್ದಾರರು ಅದರಲ್ಲಿ ಒಂದು ಚಿಟಿಕೆ ಎತ್ತಿ ತಮ್ಮ ತುಟಿಗೆ ಸೇರಿಸಿದರು. ಆಮೇಲೆ ಮಲ್ಲುವಿನ ಲೈಸೆನ್ಸ್ ಕಿಸೆಗೆ ಹಾಕಿಕೊಂಡು, ದನದ ಡಾಕ್ಟರರನ್ನು ಕಾರ್ಖಾನೆಯ ಹತ್ತಿರ ಕರೆಸುವ ಹೊಣೆ ಅವನಿಗೇ ಹೊರಿಸಿದರು. ಜನ ಇಳಿಸಿದ ಕೂಡಲೇ ಸ್ಟೇಷನ್ನಿಗೆ ಬರಬೇಕೆಂದರು. ನಾಮದೇವನ ಫೋನಿನಿಂದ ಮುಕಾದಮನಿಗೂ ತಾವೇ ಹೇಳಿದರು: ನಿನ್ನ ಮನುಷ್ಯನದು ತಪ್ಪಿಲ್ಲ. ಆ ಕಡೆಯ ದನಿ ನಮಗೆಲ್ಲ ಕೇಳುವಷ್ಟು ದೊಡ್ಡದಿತ್ತು. ತಪ್ಪಿಲ್ಲದಿದ್ದರೆ ಇರಲಿ, ಆದರೆ ಇನ್ನು ಮೇಲೆ ಅವನು ಗಾಡಿ ಹತ್ತುವ ಹಾಗಿಲ್ಲ, ಸೀಜನ್ ಮುಗಿಯುವವರೆಗೂ ಎತ್ತಿನ ಮುಂದೆ ನಡೆಯಬೇಕು.

ನ್ಯಾಯ ಹೀಗೆ ತೀರಿತು. ತಪ್ಪು ಮಾಡದವನು ನಡೆಯಬೇಕು. ತಪ್ಪು ಮಾಡಿದವನು ನಮ್ಮನ್ನು ಉಗಾರ ಮುಟ್ಟಿಸಬೇಕು.

ಡ್ರೈವರ್ ಇಲ್ಲದ ಕಾರು ನಮ್ಮಲ್ಲಿ ಓಡೀತೇ ಎಂದು ಪೇಟೆಯ ದೊಡ್ಡವರು ಚರ್ಚೆ ಮಾಡುತ್ತಾರೆ. ಸೆನ್ಸರ್, ಕ್ಯಾಮೆರಾ, ಏನೇನೋ. ನನಗೆ ಕಂಡದ್ದು ಇಷ್ಟೇ. ಗಾಡಿಯಲ್ಲಿ ನಮಗೆ ಒಂದು ಮುಖ ಬೇಕು. ಅದು ರಸ್ತೆ ನೋಡಬೇಕೆಂದೇನೂ ಇಲ್ಲ, ಬೈದರೆ ಕೇಳಿಸಿಕೊಂಡರೆ ಸಾಕು. ಎತ್ತಿಗೆ ಬೈದರೆ ಏನು ಸುಖ? ಅದಕ್ಕೇ ಅಲ್ಲವೇ ನಾವು ಎತ್ತುಗಳನ್ನು ಬಿಟ್ಟು ಮಲಗಿದ್ದವನನ್ನು ಬೈದದ್ದು?

ಮಲ್ಲು ಹಾರ್ನ್ ಹೊಡೆದ. "ಹತ್ರಿ ಹತ್ರಿ, ಲೇಟ್ ಆತು." ಒಬ್ಬೊಬ್ಬರೇ ಹತ್ತಿದರು. ಮಾಸ್ತರರು ನನ್ನ ಜಾಗಕ್ಕೆ ಸರಿದು ಕಿಟಕಿ ಹಿಡಿದರು. ಮಲ್ಲುವಿನ ವಿರುದ್ಧ ಸಾಕ್ಷಿ ಹೇಳಿದ್ದಕ್ಕೆ ಅವರಿಗೆ ನನ್ನ ಮೇಲೆ ಸಿಟ್ಟಿತ್ತು.

ನಾಮದೇವ ಹಗ್ಗ ಹಿಡಿದು ಎತ್ತುಗಳ ಮುಂದೆ ನಿಂತಿದ್ದ. ನನ್ನನ್ನು ನೋಡಿ, ಕಬ್ಬಿನ ಮೇಲೆ ತಾನು ಮಲಗಿದ್ದ ಜಾಗ ತೋರಿಸಿ, "ಯಾ ಕೀ ಸಾಹೇಬ, ಬಸಾ," ಎಂದ. ಬನ್ನಿ, ಕೂಡಿರಿ. ಅವನೂ ಉಗಾರಕ್ಕೇ ಹೊರಟವನು. ಉಳಿದ ದಾರಿ ಮೂರು ಕಿಲೋಮೀಟರ್.

ನಾನು ಅವನಿಗೆ ಕೈ ಮುಗಿದು, ಬಂದು ಮಲ್ಲುವಿನ ಮಗ್ಗುಲಲ್ಲಿ ಕೂತೆ.

ಎತ್ತುಗಳ ಪರವಾಗಿ ಸಾಕ್ಷಿ ಹೇಳುವುದು ಬೇರೆ, ಅವುಗಳ ಹಿಂದೆ ಹತ್ತಿ ಕೂಡುವುದು ಬೇರೆ, ಅಲ್ಲವೇ?